ಅಮಾವಾಸ್ಯೆಯ ಪರೀಕ್ಷೆ

ಬನಹಟ್ಟಿ, 18 ನವೆಂಬರ್ 2025, ಮಂಗಳವಾರ

ನೇಕಾರ ಮಲಕಾಜಪ್ಪನವರ ಮುಖ ಕಣ್ಣಿಂದ ಹೋಗುತ್ತಿಲ್ಲ. ಬೆಳಿಗ್ಗೆ, ನಾನು ಕಂಪ್ಯೂಟರ್ ನೋಡಿಕೊಳ್ಳುವ ನಮ್ಮ ನೂಲಿನ ಸೊಸೈಟಿಯ ಸರ್ವರ್ ಕೆಟ್ಟಿತು. ಅದು ಕೆಟ್ಟಾಗ ಕೆಲಸ ವಹಿಸಿಕೊಳ್ಳಲೆಂದು ಜಮಖಂಡಿ ಕಚೇರಿಯಲ್ಲಿಟ್ಟಿರುವ ಅದರ ನಕಲು, ಬದಲಿ ವರ್ಚುವಲ್ ಮಷೀನ್, ತಾನಾಗಿಯೇ ಶುರುವಾಯಿತು, ಆದರೆ ಇಲ್ಲಿಯ ಹಳೆಯ ನೆಟ್‌ವರ್ಕ್ ವಿಳಾಸವನ್ನೇ ಹಿಡಿದು ಕೂತಿತ್ತು; ಜಮಖಂಡಿಯಲ್ಲಿ ಆ ವಿಳಾಸ ನಡೆಯುವುದಿಲ್ಲ. ಕೌಂಟರಿನ ಒಂದು ಕಂಪ್ಯೂಟರಿಗೂ ಅದು ಸಿಗಲಿಲ್ಲ. ಬಿಲ್ ಆಗುವುದು ಸರ್ವರಿನಲ್ಲೇ, ಬಿಲ್ಲಿಲ್ಲದೆ ನೂಲು ಹೊರಗೆ ಹೋಗುವಂತಿಲ್ಲ.

“ಮಗ್ಗ ಬಂದ್ ಬಿದ್ದಾವ್ರಿ ಮೇಡಮ್. ನೂಲ ಕಣ್ಣ ಮುಂದ ಐತಿ, ಮಷಿನ್ನೂ ಚಾಲೂ ಐತಿ ಅಂತೀರಿ. ಮತ್ತ ಯಾಕ ಕೊಡವಲ್ರಿ?” ಎಂದು ಮಲಕಾಜಪ್ಪನವರು ಕೇಳಿದರು. ಸಂಜೆ ನಾನು ವಿಳಾಸ ಸರಿಪಡಿಸುವಷ್ಟರಲ್ಲಿ ಅವರು ಖಾಲಿ ಗಾಡಿ ತಳ್ಳಿಕೊಂಡು ಹೋಗಿಬಿಟ್ಟಿದ್ದರು.

ಬದಲಿ ಮಷೀನನ್ನು ನಾವು ಪರೀಕ್ಷಿಸುವುದು ಅಮಾವಾಸ್ಯೆಯಂದೇ. ಅವತ್ತು ಮಗ್ಗಕ್ಕೆ ರಜೆ, ಕೌಂಟರ್ ಮುಚ್ಚಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಮಷೀನ್ ಶುರುವಾದರೆ ಮುಗಿಯಿತು, ಎಲ್ಲರೂ ಊಟಕ್ಕೆ. ಅದು ಕೌಂಟರಿಗೆ ಸಿಗುತ್ತದೆಯೇ ಎಂದು ನೋಡಲು ಕೌಂಟರಿನಲ್ಲಿ ಯಾರಿರುತ್ತಿದ್ದರು?

ಇಷ್ಟನ್ನೂ ಮ್ಯಾನೇಜರ್ ಬಾಳಾಸಾಹೇಬರಿಗೆ ಬಿಡಿಸಿ ಹೇಳಿದೆ. ತಲೆಯಾಡಿಸುತ್ತ ಕೇಳಿದರು. “ಖರೆ ಐತಿ ಬಿಡ್ರಿ. ನಾಡಿದ್ದ ಅಮಾಸಿ, ಕೌಂಟರ್ ಬಂದ್ ಇರ್ತೈತಿ. ಆರಾಮ ಕುಂತು ಇನ್ನೊಮ್ಮೆ ನೋಡೂಣು.”

ದಣಿದಿದ್ದೆ. ಹೂಂ ಎಂದುಬಿಟ್ಟೆ.