ಕಿವಿಯಿಂದ ಆರಿಸಿದ ಹನ್ನೆರಡನೆಯವಳು

ಮಾರ್ಚ್ ೧೪, ಶನಿವಾರ

ನನ್ನ ಬಾಸ್ಕೆಟ್‌ಬಾಲ್ ತಂಡದ ಹನ್ನೆರಡನೆಯ, ಕೊನೆಯ ಜಾಗಕ್ಕೆ ಅಕ್ಕನ ಮಗಳನ್ನು ನಾನು ತೆಗೆದುಕೊಳ್ಳಲಿಲ್ಲ. ಅಕ್ಕನ ಫೋನು ಆಗಲೇ ಮೂರು ಸಲ ಬಂತು.

"ಇಪ್ಪತ್ತೆಂಟು ಪಾಯಿಂಟ್ ಹೊಡೆದಿದ್ದಾಳೆ! ನಿಂಗೇನು ಕಣ್ಣು ಕಾಣ್ಸಲ್ವಾ?"

ನಿಜ, ಆಯ್ಕೆ ಪಂದ್ಯದ ಕೊನೆಯ ಹತ್ತು ನಿಮಿಷ ನಾನು ನೋಡಲೇ ಇಲ್ಲ. ಪ್ರತಿ ಆಯ್ಕೆಯಲ್ಲೂ ಮಾಡುವಂತೆ ಅಂಕಣಕ್ಕೆ ಬೆನ್ನು ಹಾಕಿ, ಬರೀ ಕೇಳಿಸಿಕೊಂಡೆ. ಅಕ್ಕನ ಮಗಳ ಬಾಯಿಂದ ಬಂದದ್ದು ಒಂದೇ ಮಾತು: "ನಂಗೆ ಕೊಡು." ಎರಡೇ ಪಾಯಿಂಟ್ ಗಳಿಸಿದ ಕುಳ್ಳಿಯ ಬಾಯಿಗೆ ಮಾತ್ರ ಬಿಡುವಿರಲಿಲ್ಲ: "ಹಿಂದೆ ಬರ್ತಿದ್ದಾಳೆ, ಹುಷಾರು! ನೀನು ಹೋಗು, ಇವಳನ್ನ ನಾನು ನೋಡ್ಕೋತೀನಿ."

ಕುಳ್ಳಿಯೇ ನನ್ನ ಹನ್ನೆರಡನೆಯವಳು. ಎಳ್ಳಷ್ಟೂ ಅನುಮಾನವಿಲ್ಲ.

ನಾಲ್ಕನೇ ಸಲ ಫೋನು ಬಂದಾಗ ಅಕ್ಕನ ಕೈಯಿಂದ ಮಗಳೇ ಅದನ್ನು ಕಸಿದುಕೊಂಡಳು. "ಚಿಕ್ಕಮ್ಮ, ನೀನು ಮಲ್ಕೋ. ಅಮ್ಮನ್ನ ನಾನು ನೋಡ್ಕೋತೀನಿ."

ಈ ಮಾತನ್ನು ಸಂಜೆ ಅಂಕಣದಲ್ಲಿ ಆಡಲು ಏನು ಧಾಡಿಯಾಗಿತ್ತು ಇವಳಿಗೆ!