ಕುಂಕುಮ ಹಚ್ಚಿದ ಬೇರಿಂಗ್

ನವೆಂಬರ್ 6, ಗುರುವಾರ. ರಾತ್ರಿ ಒಂಬತ್ತು.

ಇವತ್ತು ಊರಿಗೆ ನೀರು ಕೊಡುವ ಪಂಪಿನ ಬೇರಿಂಗ್ ಹೋಯಿತು. ನಮ್ಮವರು ತೀರಿಕೊಂಡ ಮೇಲೆ ಪಂಪಿನ ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುವವಳು ನಾನೇ. ಹೊಸದೊಂದಿದೆ ಎಂದು ಧೈರ್ಯದಿಂದಿದ್ದೆ. ಡಬ್ಬ ತೆರೆದರೆ ಬೇರಿಂಗಿಗೆಲ್ಲ ತುಕ್ಕು, ಗುಂಡುಗಳ ನಡುವೆ ಕುಂಕುಮ.

"ಆಯುಧಪೂಜೇಲಿ ನಾನೇ ಬಿಚ್ಚಿ ಗ್ರೀಸೆಲ್ಲ ತೊಳ್ದು ಪೂಜೆಗಿಟ್ಟಿದ್ದೆ ಕಣಕ್ಕ" ಎಂದ ಫಿಟ್ಟರ್ ಚಿಕ್ಕರಾಜು. "ಅಣ್ಣ ಕೊನೇಗೆ ತಂದಿಟ್ಟ ಸಾಮಾನಲ್ವಾ, ಅದ್ಕೇ."

ಪ್ರತಿ ವರ್ಷ ನಮ್ಮವರು, "ಡಬ್ಬದ ಮೇಲೇ ಬೊಟ್ಟಿಡ್ರಲಾ, ದ್ಯಾವ್ರಿಗೆ ಒಳಗಿರೋದೂ ಕಾಣ್ತದೆ" ಎಂದು ನಗಿಸುತ್ತಿದ್ದರು. ಈ ಸಲ ಹಾಗೆನ್ನುವವರು ಇರಲಿಲ್ಲ. ಅವರ ಮೇಲಿನ ಪ್ರೀತಿಯಿಂದಲೇ ಹೀಗಾಯಿತಲ್ಲ...

ಮಧುಗಿರಿ ಅಂಗಡಿಗಳಲ್ಲಿ ಆ ಅಳತೆಯದು ಸಿಗಲಿಲ್ಲ. ಮೊದಲ ಬಸ್ಸಿಗೆ ತುಮಕೂರಿಗೆ ಹೋಗಬೇಕು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ.