ಪಟ್ಟಿಯ ತಲೆಯ ಮೇಲಿನ ಶ್ರೀ

ಶ್ರೀ

ಬೆಲ್ವ್ಯೂ, ಅಮೆರಿಕ, ಮಾರ್ಚ್ 2016

ಅಕ್ಷಯಾ,

ಸಿರಿಯಾದಲ್ಲಿ ಮುತ್ತಿಗೆಗೆ ಸಿಕ್ಕ ಆ ಊರಿಗೆ ನಮ್ಮ ನೆರವಿನ ಪೆಟ್ಟಿಗೆಗಳು ನಿನ್ನೆ ತಲುಪಿದವು. ಎರಡು ವಾರ ಚೆಕ್‌ಪೋಸ್ಟಿನಲ್ಲೇ ಕೂತಿದ್ದವು. ಕಾರಣ ನಾನೇ. ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಸಾಮಾನಿನ ಪಟ್ಟಿ ಬರೆಯುವಾಗ ಅಭ್ಯಾಸಬಲದಿಂದ ಮೇಲೆ 'ಶ್ರೀ' ಬರೆದಿದ್ದೆ. ಸೈನಿಕರು ಅದನ್ನು ಗುಪ್ತ ಸಂಕೇತ ಅಂದುಕೊಂಡರಂತೆ! ನೆರವು ಸಂಸ್ಥೆಯವರು ಫೋನ್ ಮಾಡಿ ಕೇಳಿದಾಗ ಇಂಗ್ಲಿಷಿನಲ್ಲಿ ವಿವರಿಸಲು ಒದ್ದಾಡಿಬಿಟ್ಟೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಅವರು ಪಟ್ಟಿಯ ಫೋಟೊ ಕಳಿಸಿದ್ದಾರೆ. ಹಾಲಿನ ಪುಡಿ, ಕಂಬಳಿ ಉಳಿದಿವೆ. ಗಾಯ ಹೊಲಿಯುವ ದಾರ, ಕತ್ತರಿ, ಅರಿವಳಿಕೆ ಮದ್ದಿನ ಮೇಲೆ ಸೈನಿಕರ ಕೆಂಪು ಗೀಟು ಬಿದ್ದಿದೆ.

"ಮುತ್ತಿಗೆ ಹಾಕಿದವರ ಹತ್ರಾನೇ ಪರ್ಮಿಷನ್ ಕೇಳಿದ್ರೆ, ಏನು ಒಳಗೆ ಹೋಗ್ಬೇಕು ಅಂತ ಅವರೇ ಡಿಸೈಡ್ ಮಾಡ್ತಾರೆ ಕಣೆ" ಅಂದಿದ್ದೆ ನೀನು, ಇಲ್ಲಿ ಪೆಟ್ಟಿಗೆ ತುಂಬಲು ಬಂದಾಗ. "ಹಾಗಾದ್ರೆ ನಾಳೆಯಿಂದ ಬರ್ಬೇಡ" ಅಂದೆ ನಾನು. ನೀನು ಬರಲಿಲ್ಲ.

ಆದರೂ ಅಲ್ಲಿನ ಮಕ್ಕಳು ಹಾಲು ಕುಡಿದರಂತೆ. ಬೆಳಗಿನಿಂದ ಅದೇ ಖುಷಿಯಲ್ಲಿದ್ದೇನೆ.

ಮುಂದಿನ ಪಟ್ಟಿಯೂ ಸಿದ್ಧವಾಯಿತು. ಅದರಲ್ಲಿ ಶ್ರೀ ಇಲ್ಲ. ದಾರ, ಕತ್ತರಿಯೂ ಇಲ್ಲ. ಈ ಸಲ ನಾನೇ ಬಿಟ್ಟುಬಿಟ್ಟೆ. ಈ ಪತ್ರ ಮಾತ್ರ ಯಾವ ಚೆಕ್‌ಪೋಸ್ಟನ್ನೂ ದಾಟಬೇಕಾಗಿಲ್ಲ. ಅದಕ್ಕೇ ತಲೆಯ ಮೇಲೆ ಶ್ರೀ ಬರೆದಿದ್ದೇನೆ.